ಹಳೇ ಪಾರ್ಟ್ಸ್‌ನಲ್ಲಿ ಮನೆ ಸರ್ವರ್ ಕಟ್ಟೋರೇ, ‘ಜೀರೋ ಅವರ್’ ಡಿಸ್ಕ್ ನಂಬಬೇಡಿ

ಮನೆಯವರ ಫೋಟೊ, ವಿಡಿಯೊ, ಫೈಲುಗಳನ್ನೆಲ್ಲ ಒಂದೇ ಕಡೆ ಇಡೋಕೆ ಹಳೇ ಕಂಪ್ಯೂಟರ್ ಪಾರ್ಟ್ಸ್‌ನಲ್ಲೇ ಸ್ಟೋರೇಜ್ ಸರ್ವರ್ ಕಟ್ಟಬೇಕು ಅಂತ ಇದ್ದೀರಾ? ಧಾರಾಳವಾಗಿ ಕಟ್ಟಿ. ಹತ್ತು ವರ್ಷ ಹಳೆಯ ಪ್ರೊಸೆಸರ್, ಅದರ ಜೊತೆಗಿದ್ದ ಮದರ್‌ಬೋರ್ಡ್, 8 ಅಥವಾ 16 ಜಿಬಿ ರ‍್ಯಾಮ್ ಇದ್ದರೆ ಈ ಕೆಲಸಕ್ಕೆ ಬೇಕಾದಷ್ಟಾಯಿತು. ಆದರೆ ಹಾರ್ಡ್ ಡಿಸ್ಕ್ ಮತ್ತು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಪೆಟ್ಟಿಗೆ) ವಿಷಯಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಬೋರ್ಡ್ ಕೆಟ್ಟರೆ ಇನ್ನೊಂದು ಬೋರ್ಡ್ ಸಿಗುತ್ತದೆ, ಡಿಸ್ಕ್ ಬಿಚ್ಚಿ ಅದಕ್ಕೆ ಹಾಕಿದರಾಯಿತು. ಡಿಸ್ಕೇ ಕೆಟ್ಟರೆ, ಅಥವಾ ಎಸ್‌ಎಂಪಿಎಸ್ ಡಿಸ್ಕನ್ನು ಸುಟ್ಟುಹಾಕಿದರೆ, ಹೋಗೋದು ಡೇಟಾ. ನನಗೆ ಎರಡೂ ಒಟ್ಟಿಗೇ ಆಯಿತು, ಅದೂ ಒಂದೇ ಅಂಗಡಿಯಿಂದ.

ನನ್ನ ಹತ್ತಿರ ನಾಲ್ಕನೇ ಜನರೇಶನ್ ಐ5 ಪ್ರೊಸೆಸರ್, ಬೋರ್ಡ್, 16 ಜಿಬಿ ರ‍್ಯಾಮ್ ಸುಮ್ನೆ ಬಿದ್ದಿತ್ತು. ಬೇಕಾಗಿದ್ದು ನಾಲ್ಕು ಡಿಸ್ಕ್, ಒಂದು ಒಳ್ಳೆಯ ಎಸ್‌ಎಂಪಿಎಸ್. ಬೆಂಗಳೂರಿನಲ್ಲಿ ಇಂಥದ್ದಕ್ಕೆ ಎಲ್ಲರೂ ಹೋಗೋದು ಎಸ್.ಪಿ. ರೋಡಿಗೇ ಅಲ್ವಾ. ಅಲ್ಲಿ ಒಳ್ಳೆಯ ಅಂಗಡಿಗಳು ಎಷ್ಟೋ ಇವೆ, ನಾನೇ ವರ್ಷಗಟ್ಟಲೆ ವ್ಯವಹಾರ ಮಾಡಿದ್ದೇನೆ. ಇಡೀ ರೋಡಿನ ಮೇಲೆ ಗೂಬೆ ಕೂರಿಸೋಕೆ ಹೊರಟಿಲ್ಲ. ಇದು ಮಹಡಿ ಮೇಲಿನ ಒಂದು ಸಣ್ಣ ಅಂಗಡಿಯ ಕಥೆ, ಹೆಸರು ಬೇಡ.

4 ಟಿಬಿಯ ಸೀಗೇಟ್ ಎಂಟರ್‌ಪ್ರೈಸ್ ಡಿಸ್ಕ್ (ಕಂಪನಿಗಳ ಸರ್ವರ್‌ಗೆ ಅಂತ ಮಾಡಿದ್ದು), ಒಂದಕ್ಕೆ 4,500 ರೂಪಾಯಿ ಅಂದರು. ಎಲ್ಲವೂ ಬೆಳ್ಳಿ ಬಣ್ಣದ ಆಂಟಿಸ್ಟಾಟಿಕ್ ಕವರಿನೊಳಗೆ, ಸೀಲ್ ಬೇರೆ. “ಸಾರ್, ಇದು ಯೂಸ್ಡ್ ಅಲ್ಲ. ಡೇಟಾ ಸೆಂಟರ್‌ನವರು ಸ್ಪೇರ್ ಅಂತ ಇಟ್ಕೊಂಡಿದ್ದು. ಜೀರೋ ಅವರ್. ಬೇಕಾದ್ರೆ ಇಲ್ಲೇ ಹಾಕಿ ತೋರಿಸ್ತೀನಿ.” ತೋರಿಸಿದರು ಕೂಡ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ತೆರೆದರೆ ನೀಲಿ ಬಣ್ಣದಲ್ಲಿ ‘ಗುಡ್’ ಅಂತ ಬಂತು. ಪವರ್ ಆನ್ ಅವರ್ಸ್, ಅಂದರೆ ಡಿಸ್ಕ್ ಇದುವರೆಗೆ ಓಡಿದ ಗಂಟೆ, 2. ಕೆಟ್ಟ ಸೆಕ್ಟರ್ ಸೊನ್ನೆ. ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತೆ.

ಎಸ್‌ಎಂಪಿಎಸ್ ಕೂಡ ಅಲ್ಲೇ ಸಿಕ್ಕಿತು. 550 ವ್ಯಾಟ್, 80 ಪ್ಲಸ್ ಗೋಲ್ಡ್ (ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನೋ ಗುರುತು), ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಬೇರೆಯಾಗಿ ಸಿಕ್ಕಿಸೋದು. ಮಾಲು ಚೆನ್ನಾಗಿತ್ತು, ಆದರೆ ಡಿಸ್ಕಿಗೆ ಹೋಗೋ ಕೇಬಲ್ ಇರಲಿಲ್ಲ. ಅಂಗಡಿ ಹುಡುಗ ಒಂದು ಚೀಲದಲ್ಲಿ ಕೈಯಾಡಿಸಿ ಒಂದನ್ನು ತೆಗೆದ. “ಇದು ಇದರದ್ದೇನಾ?” ಅಂತ ಕೇಳಿದೆ. “ಇದರದ್ದೇ ಸಾರ್. ನೋಡಿ, ಪಿನ್ ಕರೆಕ್ಟಾಗಿ ಕೂತ್ಕೊಳ್ತು.” ಕೂತಿದ್ದು ನಿಜ. ಆರು ಪಿನ್ನಿನ ಪ್ಲಗ್, ಟಕ್ ಅಂತ ಲಾಕ್ ಆಯಿತು.

ಮನೆಗೆ ಬಂದು, ಮೊದಲು ಹಳೇ ಡೇಟಾ ಕಾಪಿ ಆಗಲಿ ಅಂತ ತಂದಿದ್ದರಲ್ಲಿ ಒಂದು ಡಿಸ್ಕ್ ಮತ್ತು ನನ್ನದೇ ಹಳೇ 1 ಟಿಬಿ ಡಿಸ್ಕ್ ಮಾತ್ರ ಹಾಕಿದೆ. ಬಟನ್ ಒತ್ತಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಟಿಕ್ ಅಂತ ಸಣ್ಣ ಶಬ್ದ, ಆಮೇಲೆ ಸುಟ್ಟ ವಾಸನೆ. ಅಷ್ಟೇ.

ಡಿಸ್ಕುಗಳನ್ನೆಲ್ಲ ಬಿಚ್ಚಿ, ಅದೇ ಕೇಬಲಿನ ಖಾಲಿ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದೆ. ಕಪ್ಪು ಮುಳ್ಳು ಕಪ್ಪು ವೈರಿಗೆ, ಕೆಂಪು ಮುಳ್ಳು ಕೆಂಪು ವೈರಿಗೆ. ಕೆಂಪಿನಲ್ಲಿ 5 ವೋಲ್ಟ್ ಬರಬೇಕು. ಮೀಟರ್ 12 ಚಿಲ್ಲರೆ ತೋರಿಸಿತು. ಅಂದರೆ ಡಿಸ್ಕಿನ ಎಲೆಕ್ಟ್ರಾನಿಕ್ಸ್‌ಗೆ 5 ವೋಲ್ಟ್ ಹೋಗಬೇಕಾದ ಜಾಗಕ್ಕೆ 12 ವೋಲ್ಟ್ ನುಗ್ಗಿತ್ತು.

ಯಾಕೆ ಹೀಗೆ ಅಂದರೆ, ಕೇಬಲಿನ ಡಿಸ್ಕ್ ಕಡೆಯ ತುದಿಗೆ ಮಾತ್ರ ಎಲ್ಲ ಕಂಪನಿಗೂ ಒಂದೇ ಸ್ಟಾಂಡರ್ಡ್. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿನಲ್ಲಿ ಯಾವ ವೋಲ್ಟೇಜ್ ಅನ್ನೋದು ಆಯಾ ಕಂಪನಿಯ ಇಷ್ಟ. ಒಂದೇ ಕಂಪನಿಯ ಎರಡು ಸೀರೀಸ್‌ನಲ್ಲೂ ಬೇರೆ ಬೇರೆ ಇರಬಹುದು. ಪ್ಲಗ್ಗಿನ ಆಕಾರ ಒಂದೇ ಇರೋದರಿಂದ ಕೂತುಕೊಳ್ಳುತ್ತದೆ, ಕೂತು ಸುಡುತ್ತದೆ. ಹಾಗಾಗಿ ಮಾಡ್ಯುಲರ್ ಎಸ್‌ಎಂಪಿಎಸ್ ಸೆಕೆಂಡ್ ಹ್ಯಾಂಡ್ ತಗೊಂಡರೆ ಅದರದ್ದೇ ಕೇಬಲ್ ಸಮೇತ ತಗೊಳ್ಳಿ. ಇಲ್ಲದಿದ್ದರೆ ಬಿಟ್ಟುಬಿಡಿ. ಕೇಬಲ್ ಇದ್ದರೂ ಡಿಸ್ಕ್ ಹಾಕೋ ಮುಂಚೆ ಒಮ್ಮೆ ಮೀಟರ್ ಹಿಡಿಯಿರಿ: ಹಳದಿ 12, ಕೆಂಪು 5, ಕಿತ್ತಳೆ ಇದ್ದರೆ 3.3. ಕೆಲವು ಕೇಬಲ್‌ನಲ್ಲಿ ಎಲ್ಲ ವೈರೂ ಕಪ್ಪೇ ಇರುತ್ತದೆ, ಆಗ ಬಣ್ಣ ಬಿಟ್ಟು ಪಿನ್ನಿನ ಜಾಗ ನೋಡಿ ಅಳೆಯಬೇಕು. ಇನ್ನೂರು ಮುನ್ನೂರು ರೂಪಾಯಿ ಮೀಟರ್ ಸಾಕು.

ನನ್ನ 1 ಟಿಬಿ ಡಿಸ್ಕ್ ಮಾತ್ರ ಬದುಕಿತು. ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಮೇಲೆ, ಪವರ್ ಪ್ಲಗ್ಗಿನ ಹತ್ತಿರ, ಟಿವಿಎಸ್ ಡಯೋಡ್ ಅಂತ ಎರಡು ಕಪ್ಪು ಚೂರುಗಳಿರುತ್ತವೆ. ಒಂದು 5 ವೋಲ್ಟಿಗೆ, ಇನ್ನೊಂದು 12ಕ್ಕೆ. ವೋಲ್ಟೇಜ್ ಮಿತಿ ಮೀರಿದರೆ ಅವು ತಾವೇ ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತವೆ. ಡೇಟಾ ರಿಕವರಿ ಮಾಡೋರೊಬ್ಬರು 5 ವೋಲ್ಟಿನ ಡಯೋಡನ್ನು ಕಿತ್ತುಹಾಕಿದರು, ಡಿಸ್ಕ್ ತಿರುಗಿತು. ಆ ಡಯೋಡ್ ಹೋದ ಮೇಲೆ ಡಿಸ್ಕಿಗೆ ರಕ್ಷಣೆ ಇರೋದಿಲ್ಲ, ತಕ್ಷಣ ಕಾಪಿ ಮಾಡಿಕೊಂಡು ಅದನ್ನು ಪಕ್ಕಕ್ಕಿಡಬೇಕು. ನಿಮಗೆ ಹೀಗಾದರೆ ‘ಬೋರ್ಡ್ ಬದಲಾಯಿಸಿದರೆ ಆಯ್ತು’ ಅನ್ನೋರ ಮಾತು ಕೇಳಬೇಡಿ. ಈಗಿನ ಡಿಸ್ಕುಗಳಲ್ಲಿ ಹಳೇ ಬೋರ್ಡಿನ, ಆ ಡಿಸ್ಕಿನದ್ದೇ ಸೆಟ್ಟಿಂಗ್ ಇರೋ ರೋಮ್ (ROM) ಚಿಪ್ಪನ್ನು ಹೊಸ ಬೋರ್ಡಿಗೆ ಹಾಕದೆ ಸಾಮಾನ್ಯವಾಗಿ ಕೆಲಸ ಆಗೋದಿಲ್ಲ. 4 ಟಿಬಿ ಡಿಸ್ಕ್ ಮಾತ್ರ ಪೂರ್ತಿ ಹೋಯಿತು.

ಅಂಗಡಿಗೆ ಹೋದರೆ ಒಂದೇ ಪಲ್ಲವಿ: “ಸುಟ್ಟ ಮಾಲಿಗೆ ವಾರಂಟಿ ಇಲ್ಲ ಸಾರ್.” ಕೇಬಲ್ ನೀವೇ ಕೊಟ್ಟಿದ್ದಲ್ವಾ ಅಂದರೆ, “ಕೇಬಲ್ ಫ್ರೀ ಕೊಟ್ಟಿದ್ದು ಸಾರ್.” ಫ್ರೀ ಆಗಿ ಸುಟ್ಟುಕೊಟ್ಟರು ಅಂತಾಯಿತು.

ಉಳಿದ ಮೂರು ಡಿಸ್ಕಿನ ಮೇಲೆ ಅನುಮಾನ ಶುರುವಾಗಿದ್ದು ಅಲ್ಲಿಂದ. ಕವರ್ ತೆಗೆದು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸೋ ಸಾಟಾ ಪ್ಲಗ್ಗಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಸಣ್ಣ ಸಣ್ಣ ಗೀರು, ಹತ್ತಾರು ಸಲ ಹಾಕಿ ತೆಗೆದ ಗುರುತು. ಸ್ಕ್ರೂ ತೂತುಗಳ ಅಂಚಿನಲ್ಲಿ ಬಣ್ಣ ಸವೆದು ಲೋಹ ಕಾಣುತ್ತಿತ್ತು. ಎರಡು ಗಂಟೆ ಓಡಿದ ಡಿಸ್ಕಿಗೆ ಇದೆಲ್ಲಿಂದ ಬಂತು?

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸೋದು ಸ್ಮಾರ್ಟ್ (SMART) ಅನ್ನೋ ದಾಖಲೆ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಳ್ಳೋ ಲೆಕ್ಕ ಅದು. ಸರಿಯಾದ ಸಾಧನ ಇದ್ದವರು ಅದನ್ನು ಒರೆಸಿ ಸೊನ್ನೆ ಮಾಡಬಹುದು, ಹಳೇ ಕಾರಿನ ಮೀಟರ್ ಹಿಂದಕ್ಕೆ ತಿರುಗಿಸಿದ ಹಾಗೆ. ಆದರೆ ಸೀಗೇಟ್ ಡಿಸ್ಕುಗಳಲ್ಲಿ ಫಾರ್ಮ್ (FARM) ಅಂತ ಇನ್ನೊಂದು ದಾಖಲೆ ಇದೆ. 2025ರ ಶುರುವಿನಲ್ಲಿ ಜರ್ಮನಿಯ ಹೈಸೆ ಅನ್ನೋ ತಂತ್ರಜ್ಞಾನ ಸುದ್ದಿತಾಣ ಹೊರಗೆ ಹಾಕಿದ ಹಗರಣದಲ್ಲಿ ಕಳ್ಳರನ್ನು ಹಿಡಿದುಕೊಟ್ಟಿದ್ದು ಇದೇ. ಹೊಸದು ಅಂತ ಮಾರಿದ ಸೀಗೇಟ್ ಡಿಸ್ಕುಗಳಲ್ಲಿ ಸ್ಮಾರ್ಟ್ ಲೆಕ್ಕ ಸೊನ್ನೆ ಇತ್ತು, ಫಾರ್ಮ್ ಲೆಕ್ಕದಲ್ಲಿ ಸಾವಿರಾರು ಗಂಟೆ. 2021ರಲ್ಲಿ ಚಿಯಾ ಅನ್ನೋ ಕ್ರಿಪ್ಟೊ ಹುಚ್ಚು ಎದ್ದಾಗ ಚೀನಾದಲ್ಲಿ ರಾಶಿ ರಾಶಿ ಕೊಂಡ ಡಿಸ್ಕುಗಳೇ ಹೀಗೆ ಮಾರುಕಟ್ಟೆಗೆ ಬಂದಿವೆ ಅನ್ನೋ ಅನುಮಾನ ಆಗ ಎದ್ದಿತ್ತು. ಇದರಲ್ಲಿ ಡಿಸ್ಕ್ ತಯಾರಿಸಿದ ಕಂಪನಿಯ ಕೈವಾಡ ಇಲ್ಲ, ಮಧ್ಯದವರ ಕೆಲಸ.

ನೋಡೋದು ಕಷ್ಟ ಏನಲ್ಲ. ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನೋ ಉಚಿತ ಸಾಫ್ಟ್‌ವೇರ್‌ನ 7.4 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೊಂಡು, ಅದರ ಸ್ಮಾರ್ಟ್‌ಸಿಟಿಎಲ್ (smartctl) ಆಜ್ಞೆಗೆ ಫಾರ್ಮ್ ಲಾಗ್ ಕೇಳಿದರೆ ಸಾಕು. ನನ್ನ ಮೂರೂ ಡಿಸ್ಕಿನಲ್ಲಿ 31,000 ಗಂಟೆ ಆಸುಪಾಸು. ಮೂರೂವರೆ ವರ್ಷ ಹಗಲು ರಾತ್ರಿ ಓಡಿದ್ದು! ಒಂದು ಎಚ್ಚರಿಕೆ: ಫಾರ್ಮ್ ಲೆಕ್ಕವನ್ನೂ ತಿದ್ದಿದ ಡಿಸ್ಕುಗಳು ಆಮೇಲೆ ಸಿಕ್ಕಿವೆ. ಹಾಗಾಗಿ ಕಣ್ಣಿಗೆ ಕಾಣೋ ಗೀರು, ಲೇಬಲ್ ಮೇಲಿನ ತಯಾರಿ ದಿನಾಂಕ, ಕಂಪನಿ ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದರೆ ಬರೋ ವಾರಂಟಿ, ಎಲ್ಲವನ್ನೂ ಸೇರಿಸಿ ನೋಡಿ. ಸೀರಿಯಲ್ ನಂಬರ್ ಅಂಗಡಿಯಲ್ಲೇ ಫೋನಿನಲ್ಲಿ ಹೊಡೆದು ನೋಡಬಹುದು, ಎರಡು ನಿಮಿಷದ ಕೆಲಸ. ಬೇರೆ ಕಂಪನಿಯ ಡಿಸ್ಕಿನಲ್ಲಿ ಫಾರ್ಮ್ ಇರೋದಿಲ್ಲ. ಅದರಲ್ಲಿ ಎರರ್ ಲಾಗ್, ಸೆಲ್ಫ್ ಟೆಸ್ಟ್ ಲಾಗ್ ನೋಡಿ. ಒಟ್ಟು ಓಡಿದ್ದು 2 ಗಂಟೆ, ಆದರೆ ಟೆಸ್ಟ್ ನಡೆದದ್ದು 18,000ನೇ ಗಂಟೆಯಲ್ಲಿ ಅಂತ ಬಂದರೆ ಅರ್ಥ ಆಯ್ತಲ್ಲ.

ಅಂದ ಹಾಗೆ, ಹಳೇ ಡಿಸ್ಕ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. 31,000 ಗಂಟೆ ಓಡಿದೆ ಅಂತ ಹೇಳಿ ಅದಕ್ಕೆ ತಕ್ಕ ಬೆಲೆಗೆ ಕೊಟ್ಟಿದ್ದರೆ ನಾನೇ ತಗೊಳ್ಳುತ್ತಿದ್ದೆನೇನೋ. ನನ್ನ ಸಿಟ್ಟು ಸುಳ್ಳಿನ ಮೇಲೆ. ಹೇಳಿ ಮಾರುವವರಿಂದ ತಂದರೂ ಡೇಟಾ ಹಾಕೋ ಮುಂಚೆ ಪೂರ್ತಿ ಬರೆದು ಓದಿಸಿ ನೋಡಿ. ಲಿನಕ್ಸ್‌ನಲ್ಲಿ ಇದಕ್ಕೆ ಬ್ಯಾಡ್‌ಬ್ಲಾಕ್ಸ್ ಅನ್ನೋ ಆಜ್ಞೆ ಇದೆ. 4 ಟಿಬಿ ಡಿಸ್ಕಿಗೆ ಎರಡೂವರೆ ದಿನ ಹಿಡಿಯುತ್ತದೆ, ಹಿಡಿಯಲಿ. ಅಂಗಡಿಯವರು ಕೊಡೋ ಏಳು ದಿನದ ‘ಚೆಕಿಂಗ್ ವಾರಂಟಿ’ ಇರೋದು ಇದಕ್ಕೇ. ಆಮೇಲೆ ಸ್ಮಾರ್ಟ್‌ನ 5, 197, 198ನೇ ಸಾಲುಗಳು (ಕೆಟ್ಟ ಸೆಕ್ಟರ್‌ಗಳ ಲೆಕ್ಕ) ಸೊನ್ನೆಯಲ್ಲೇ ಇವೆಯಾ ನೋಡಿ. ಒಂದೇ ಒಂದು ಏರಿದ್ದರೂ ವಾಪಸ್. 199 (ಡೇಟಾ ಸಾಗಿಸುವಾಗ ಆದ ತಪ್ಪುಗಳ ಲೆಕ್ಕ) ಏರಿದ್ದರೆ ಡಿಸ್ಕನ್ನು ಬೈಯ್ಯುವ ಮುಂಚೆ ಸಾಟಾ ಕೇಬಲ್ ಬದಲಾಯಿಸಿ, ಬಹಳಷ್ಟು ಸಲ ಅದರದ್ದೇ ತಪ್ಪು.

ನಮ್ಮ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಜಾಸ್ತಿ ಸಿಗೋದು ಸಿಸಿಟಿವಿ ಡಿವಿಆರ್‌ನಿಂದ ಕಿತ್ತ ಡಿಸ್ಕ್. ಅವು ಸರ್ವರ್‌ನಲ್ಲೂ ಓಡುತ್ತವೆ. ಆದರೆ ವರ್ಷಗಟ್ಟಲೆ ಬಿಡುವಿಲ್ಲದೆ ಬರೆಸಿಕೊಂಡಿರುತ್ತವೆ, ಬೆಲೆ ಹೇಳುವಾಗ ಅದು ನೆನಪಿರಲಿ. ಎಸ್‌ಎಂಆರ್ ಡಿಸ್ಕನ್ನಂತೂ ರೇಡ್‌ಗೆ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯೋ ಹಾಗೆ ಹಲವು ಡಿಸ್ಕ್ ಜೋಡಿಸೋದು) ಹಾಕಲೇಬೇಡಿ. ಅದರಲ್ಲಿ ಟ್ರ್ಯಾಕುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಒಂದನ್ನು ಬದಲಾಯಿಸಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಒಂದು ಡಿಸ್ಕ್ ಕೆಟ್ಟು ರೇಡ್ ಮತ್ತೆ ಕಟ್ಟುವಾಗ ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯುತ್ತದೆ. ನ್ಯಾಸ್‌ಗೆ, ಅಂದರೆ ಇಂಥ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗೆ ಅಂತಲೇ ಮಾರಿದ್ದ ವೆಸ್ಟರ್ನ್ ಡಿಜಿಟಲ್ ರೆಡ್‌ನ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅಂತ ಆ ಕಂಪನಿ ಒಪ್ಪಿಕೊಂಡಿದ್ದು 2020ರ ಏಪ್ರಿಲ್‌ನಲ್ಲಿ. ಆ ಕಾಲದ ಡಿಸ್ಕುಗಳು ಈಗ ಸೆಕೆಂಡ್ ಹ್ಯಾಂಡ್‌ಗೆ ಬಂದಿವೆ. ಲೇಬಲಿನ ಬಣ್ಣ ನೋಡಬೇಡಿ, ಪೂರ್ತಿ ಮಾಡೆಲ್ ನಂಬರ್ ನೋಡಿ.

ಡಿಸ್ಕ್ ಬೋರ್ಡಿಗೆ ಹಾಕಿದರೂ ಸದ್ದೇ ಇಲ್ಲ, ತಿರುಗೋದೇ ಇಲ್ಲ ಅಂದರೆ ಹೆದರಬೇಡಿ. ಕೆಲವು ಎಂಟರ್‌ಪ್ರೈಸ್ ಡಿಸ್ಕುಗಳು ಪವರ್ ಪ್ಲಗ್ಗಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಆಫ್ ಆಗಿಯೇ ಇರುತ್ತವೆ. ಆ ಪಿನ್ನಿಗೆ ಕ್ಯಾಪ್ಟಾನ್ (Kapton) ಅನ್ನೋ, ಕರೆಂಟ್ ಹರಿಯದ ತೆಳು ಟೇಪ್ ಅಂಟಿಸಿದರೆ ಓಡುತ್ತದೆ. ಒಂದು ಪ್ಲಗ್ಗಿನಿಂದ ನಾಲ್ಕು ಮಾಡೋ ಅಗ್ಗದ ಸ್ಪ್ಲಿಟರ್ ಬೇಡ. ಪ್ಲಾಸ್ಟಿಕ್ ಎರಕ ಹೊಯ್ದ ಪ್ಲಗ್ಗಿನೊಳಗೆ ವೈರ್‌ಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ‘450 ವ್ಯಾಟ್’ ಸ್ಟಿಕ್ಕರ್ ಹಚ್ಚಿದ ಲೋಕಲ್ ಎಸ್‌ಎಂಪಿಎಸ್ ಕೂಡ ಬೇಡ. ಒಂದು 3.5 ಇಂಚಿನ ಡಿಸ್ಕ್ ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ ಅದರ ಬಂಡವಾಳ ಗೊತ್ತಾಗುತ್ತದೆ.

ರ‍್ಯಾಮ್ ಅಗ್ಗಕ್ಕೆ ಸಿಕ್ಕಿತು ಅಂತ ದೊಡ್ಡ ಸರ್ವರ್‌ಗೆ ಅಂತಲೇ ಮಾಡಿದ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಸ್ಟಿಕ್ ತಂದರೆ ಮಾಮೂಲಿ ಬೋರ್ಡ್ ಆನ್ ಆಗೋದಿಲ್ಲ. ಎಷ್ಟೋ ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದೋ ಎರಡೋ ಸಾಟಾ ಪೋರ್ಟ್ ಬಂದ್ ಆಗುತ್ತವೆ, ಮ್ಯಾನ್ಯುಯಲ್ ಓದಿ ಡಿಸ್ಕಿನ ಲೆಕ್ಕ ಹಾಕಿ.

ಕರೆಂಟಿನ ಲೆಕ್ಕವನ್ನಂತೂ ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ. 80 ವ್ಯಾಟ್ ಎಳೆಯೋ ಪೆಟ್ಟಿಗೆ 24 ಗಂಟೆ ಓಡಿದರೆ ತಿಂಗಳಿಗೆ ಸುಮಾರು 58 ಯೂನಿಟ್. ಗೃಹಜ್ಯೋತಿಯಲ್ಲಿ 150 ಯೂನಿಟ್ ಹತ್ತಿರ ಇರೋ ಮನೆ ಇದರಿಂದ 200 ದಾಟಿತು ಅಂದರೆ ಪೂರ್ತಿ ಬಿಲ್ ಕಟ್ಟಬೇಕು. ಹಳೇ ಡ್ಯುಯಲ್ ಪ್ರೊಸೆಸರ್ ಸರ್ವರ್ ಬೋರ್ಡ್ ಬಿಟ್ಟಿ ಸಿಕ್ಕರೂ ನಾನು ಬೇಡ ಅನ್ನೋದು ಇದಕ್ಕೇ.

ಕೊನೆಗೆ ಅಂಗಡಿಯವರು ಏನು ಮಾಡಿದರು ಅಂದರೆ, ಫಾರ್ಮ್ ಲೆಕ್ಕದ ಪ್ರಿಂಟ್ ತೋರಿಸಿದಾಗ “ನಮಗೂ ಹಾಗೇ ಬಂದಿದ್ದು ಸಾರ್, ನಾವೇನು ಮಾಡೋಣ” ಅಂದರು. ಅದೇ ಲಾಟಿನ ಬೇರೆ ಮೂರು ಡಿಸ್ಕ್ ಕೊಡ್ತೀವಿ ಅಂದರು. ದುಡ್ಡು ಕೇಳಿದ್ದಕ್ಕೆ ಒಂದು 8 ಜಿಬಿ ರ‍್ಯಾಮ್ ಕೈಗೆ ಹಾಕಿ ಕಳಿಸಿದರು. ಗ್ರಾಹಕರ ಸಹಾಯವಾಣಿ 1915 ಇದೆ, ಗ್ರಾಹಕರ ಆಯೋಗವೂ ಇದೆ. ಆದರೆ ನನ್ನ ಕೈಲಿದ್ದ ಚೀಟಿಯಲ್ಲಿ ‘ಎಚ್‌ಡಿಡಿ 4’ ಅಂತ ಬಿಟ್ಟರೆ ಏನೂ ಇಲ್ಲ. ಯಾವ ಡಿಸ್ಕ್, ಹೊಸದೋ ಹಳೇದೋ, ಒಂದೂ ಇಲ್ಲ. “ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್” ಅಂತ ಹೇಳೋದು ಇದಕ್ಕೇ. ಆ 18 ಪರ್ಸೆಂಟ್ ಕೊಟ್ಟುಬಿಡಿ. ಬಿಲ್ಲಿನ ಮೇಲೆ ಒಂದೊಂದು ಡಿಸ್ಕಿನ ಸೀರಿಯಲ್ ನಂಬರ್ ಬರೆಸಿ. ಹೊಸದು ಅಂದರೆ ‘ಹೊಸದು’ ಅಂತ, ಹಳೇದು ಅಂದರೆ ಎಷ್ಟು ಗಂಟೆ ಓಡಿದೆ ಅಂತ ಬರೆಸಿ ಸೀಲ್ ಹಾಕಿಸಿ. ಬರೆಯೋಕೆ ಹಿಂದೆ ಮುಂದೆ ನೋಡಿದರೆ ಪಕ್ಕದ ಅಂಗಡಿಗೆ ನಡೆಯಿರಿ.