ಹಿತ್ತಾಳೆ ಪಟ್ಟಿಯ ಹಳೆ ಗ್ಯಾಸ್ ಫೈರ್‌ಪ್ಲೇಸ್‌ಗೆ ಕಪ್ಪು ಬಣ್ಣ: ಹಲವು ಚಳಿಗಾಲ ಕಳೆದ ಮೇಲೆ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ, ಬಣ್ಣ ನಿಂತಿದೆ. ಎದ್ದಿಲ್ಲ, ಬಿರುಕು ಬಿಟ್ಟಿಲ್ಲ. ಒಂದೇ ಒಂದು ಜಾಗ ಬಿಟ್ಟರೆ ಒಳಗಿನ ಹಿತ್ತಾಳೆ ಎಲ್ಲೂ ಇಣುಕಿಲ್ಲ. ಆ ಜಾಗದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾವಿರುವುದು ಶಿಕಾಗೋ ಪಕ್ಕದ ಊರಲ್ಲಿ. ನವೆಂಬರ್ ಬಂತೆಂದರೆ ಮಾರ್ಚ್ ಮುಗಿಯುವ ತನಕ ಹೆಚ್ಚುಕಮ್ಮಿ ದಿನಾ ಸಂಜೆ ಫೈರ್‌ಪ್ಲೇಸ್ ಉರಿಯುತ್ತದೆ. ಬಣ್ಣ ಹಚ್ಚಿದ ವಾರದಲ್ಲೇ ಫೋಟೋ ಹಾಕಿದವರ ಅನುಭವ ಬೇಕಾದಷ್ಟು ಸಿಗುತ್ತದೆ, ಇಷ್ಟು ಕಾಲ ಉರಿದ ಮೇಲೆ ಅದು ಹೇಗಿದೆ ಎನ್ನುವುದು ಸಿಗುವುದು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು 90ರ ದಶಕದಲ್ಲಿ ಕಟ್ಟಿದ ಮನೆ. ಆ ಕಾಲದ ಇಲ್ಲಿನ ಮನೆಗಳಲ್ಲಿ ಇದ್ದವರಿಗೆ ಗೊತ್ತಿರುತ್ತದೆ: ಗಾಜಿನ ಸುತ್ತ ಫಳಫಳ ಹೊಳೆಯುವ ಹಿತ್ತಾಳೆ ಪಟ್ಟಿ, ಮೇಲೂ ಕೆಳಗೂ ಗಾಳಿಯಾಡಲು ಸೀಳುಗಳಿರುವ ಹಿತ್ತಾಳೆ ಲೂವರ್, ಸುತ್ತ ತಿಳಿ ಗುಲಾಬಿ ಟೈಲ್ಸ್, ಅದರಾಚೆ ಜೇನುಬಣ್ಣದ ಓಕ್ ಮ್ಯಾಂಟಲ್, ಅಂದರೆ ಫೈರ್‌ಪ್ಲೇಸ್ ಮೇಲೆ ಚಾಚಿರುವ ಮರದ ಹಲಗೆ. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಕಣ್ಣು ಬೆಂಕಿಯ ಕಡೆ ಹೋಗುತ್ತಲೇ ಇರಲಿಲ್ಲ, ಹಿತ್ತಾಳೆಯ ಮೇಲೇ ನಿಲ್ಲುತ್ತಿತ್ತು.

ಕರೆಸಿ ಕೇಳಿದ ಒಬ್ಬ ಕಂಟ್ರಾಕ್ಟರ್, ಇಡೀ ಯೂನಿಟ್ ಕಿತ್ತು ಹೊಸದು ಹಾಕುವುದೇ ಸರಿ ಎಂದರು. ಹೊಸ ಯೂನಿಟ್ ಅಂದರೆ ಅದಕ್ಕೆ ಹೊಂದುವ ಹೊಸ ಪೈಪ್, ಗೋಡೆ ಒಡೆಯುವುದು, ಪರ್ಮಿಟ್, ಮತ್ತೆ ಪ್ಲಾಸ್ಟರ್, ಪೇಂಟ್. ಲೆಕ್ಕ ಸಾವಿರಾರು ಡಾಲರ್‌ಗೆ ಹೋಗುತ್ತದೆ. ಆಮೇಲೆ ಸರ್ವಿಸ್ ಮಾಡುವ ಟೆಕ್ನಿಷಿಯನ್ ಬಂದು ಪೈಲಟ್ (ಬರ್ನರ್ ಹೊತ್ತಿಸಲು ಸದಾ ಉರಿಯುವ ಪುಟ್ಟ ಜ್ವಾಲೆ), ಗ್ಯಾಸ್ ಪ್ರೆಶರ್, ಲೀಕ್, ಗಾಜಿನ ಅಂಚಿನಲ್ಲಿ ಗಾಳಿ ನುಸುಳದಂತೆ ತಡೆಯುವ ಗ್ಯಾಸ್ಕೆಟ್ ಎಲ್ಲ ನೋಡಿ, ಯೂನಿಟ್ ಗಟ್ಟಿಯಾಗಿದೆ, ಇನ್ನೂ ಬಾಳುತ್ತದೆ ಎಂದರು. ಒಳಗೆ ಎಲ್ಲ ಸರಿ ಇದ್ದ ಮೇಲೆ ಬರೀ ಮುಖ ಹಳೆಯದು ಅಂತ ಯೂನಿಟ್ಟನ್ನೇ ಎಸೆಯುವುದು ದುಡ್ಡು ದಂಡ ಅಲ್ವಾ? ನಾನು ಮುಖ ಮಾತ್ರ ಬದಲಿಸಿದೆ. ನಿಮ್ಮದೂ ಹಳೆಯದಾಗಿದ್ದರೆ ಈ ಕ್ರಮ ತಪ್ಪಿಸಬೇಡಿ: ಮೊದಲು ಸರ್ವಿಸ್, ಆಮೇಲೆ ಅಲಂಕಾರ.

ಒಂದು ವಿಷಯ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ನಮ್ಮದು ಡೈರೆಕ್ಟ್ ವೆಂಟ್. ಒಂದು ಪೈಪಿನೊಳಗೆ ಇನ್ನೊಂದು ಪೈಪ್ ಇರುತ್ತದೆ. ಹೊರಪೈಪಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ, ಒಳಪೈಪಿನಿಂದ ಹೊಗೆ ಹೊರಗೆ ಹೋಗುತ್ತದೆ. ಮನೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ, ನಡುವೆ ಇರುವುದು ಆ ಗಾಜು. ಗಾಜು ಸರಿಯಾಗಿ ಕೂತಿದ್ದರೆ ಮಾತ್ರ ಮನೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುವುದಿಲ್ಲ. ಹಾಗಾಗಿ ನಾನು ಹಾಕಿಕೊಂಡ ಗೆರೆ ಇಷ್ಟೇ: ಗಾಜಿನ ಹೊರಗಿನದು ನನ್ನ ಕೆಲಸ, ಗಾಜಿನ ಒಳಗಿನದು ಟೆಕ್ನಿಷಿಯನ್ ಕೆಲಸ.

ಮ್ಯಾನುಯಲ್ ಬೇಕೇ ಬೇಕು. ಕೆಳಗಿನ ಲೂವರ್ ತೆಗೆದರೆ ಒಳಗೆ ಲೋಹದ ಪಟ್ಟಿಯ ಮೇಲೆ ಮಾಡೆಲ್ ನಂಬರ್ ಇರುತ್ತದೆ. ಟಾರ್ಚ್ ಹಿಡಿದು ಓದಿಕೊಂಡು ಹುಡುಕಿದರೆ ಹಳೆ ಮಾಡೆಲ್‌ಗಳ ಪಿಡಿಎಫ್ ಕೂಡ ಎಷ್ಟೋ ಸಲ ಸಿಗುತ್ತದೆ. ಗಾಜಿನ ಸುತ್ತ ಎಷ್ಟು ಇಂಚಿನವರೆಗೆ ಮರ ಬರಬಾರದು, ಮ್ಯಾಂಟಲ್ ಎಷ್ಟು ಮುಂದೆ ಚಾಚಿದರೆ ಎಷ್ಟು ಎತ್ತರದಲ್ಲಿರಬೇಕು, ಎಲ್ಲ ಅದರಲ್ಲಿ ಚಿತ್ರಸಮೇತ ಇರುತ್ತದೆ. ಬೇರೆಯವರ ಮನೆಯ ಅಳತೆ ನಿಮಗೆ ಆಗುವುದಿಲ್ಲ.

ಈಗ ಬಣ್ಣ. ನಾನು ಬಳಸಿದ್ದು ಸ್ಟೋವ್ ಬ್ರೈಟ್ ಸ್ಪ್ರೇ, ಸ್ಯಾಟಿನ್ ಬ್ಲ್ಯಾಕ್, ಅಂದರೆ ಅರೆಹೊಳಪಿನ ಕಪ್ಪು. ಕಟ್ಟಿಗೆ ಒಲೆಗಳಿಗೆಂದೇ ಮಾಡಿದ ಬಣ್ಣ, 1200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 650 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ. ಹೊರಪಟ್ಟಿ ಅಷ್ಟೆಲ್ಲ ಬಿಸಿಯಾಗುವುದಿಲ್ಲ, ಆದರೂ ಮಾಮೂಲಿ ಸ್ಪ್ರೇ ಬಣ್ಣ ತರಬೇಡಿ. ಅದು ಶಾಖಕ್ಕೆ ಮೆತ್ತಗಾಗುತ್ತದೆ, ವಾಸನೆ ಹೊಡೆಯುತ್ತದೆ, ಕೊನೆಗೆ ಸಿಪ್ಪೆಯೇಳುತ್ತದೆ.

ಬಣ್ಣ ಹೊಡೆಯುವುದಕ್ಕಿಂತ ಅದಕ್ಕೆ ಮುಂಚಿನ ತಯಾರಿಯೇ ಜಾಸ್ತಿ ಹೊತ್ತು ಹಿಡಿಯಿತು. ಪೈಲಟ್ ಆರಿಸಿ, ಎಲ್ಲ ಪೂರ್ತಿ ತಣ್ಣಗಾದ ಮೇಲೆ, ಹಿತ್ತಾಳೆ ಪಟ್ಟಿ ಮತ್ತು ಲೂವರ್ ಬಿಚ್ಚಿ ಗ್ಯಾರೇಜಿಗೆ ಒಯ್ದೆ. ಇದ್ದ ಜಾಗದಲ್ಲೇ ಟೇಪ್ ಅಂಟಿಸಿ ಹೊಡೆಯುವವರೂ ಇದ್ದಾರೆ, ದಯವಿಟ್ಟು ಬೇಡ. ಸ್ಪ್ರೇ ಡಬ್ಬಿಯ ಗ್ಯಾಸಿಗೆ ಸುಲಭವಾಗಿ ಬೆಂಕಿ ಹತ್ತುತ್ತದೆ, ಪಕ್ಕದಲ್ಲಿ ಪೈಲಟ್ ಉರಿಯುತ್ತಿದ್ದರೆ ಏನಾಗಬಹುದು ಯೋಚಿಸಿ. ಹಿತ್ತಾಳೆಯ ಮೇಲೆ ಒಂದು ಪಾರದರ್ಶಕ ಲ್ಯಾಕರ್ ಪದರ ಇರುತ್ತದೆ, ಹೊಳಪು ಉಳಿಯುವುದೇ ಅದರಿಂದ, ಬಣ್ಣ ಹಿಡಿಯದಂತೆ ಮಾಡುವುದೂ ಅದೇ. ಬೂದು ಬಣ್ಣದ ಸ್ಕಾಚ್‌ಬ್ರೈಟ್‌ನಿಂದ ಉಜ್ಜಿ ಉಜ್ಜಿ, ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲೂ ಮಿಂಚದೆ ಪೂರ್ತಿ ಮಂಕಾಗಿ ಕಾಣುವವರೆಗೆ ಉಜ್ಜಬೇಕು. ಲೂವರ್‌ನ ಸಂದುಗಳಲ್ಲಿ, ಪಟ್ಟಿ ಮಡಚಿರುವ ಒಳಮೂಲೆಗಳಲ್ಲಿ ಬೆರಳಿಗೆ ಸುತ್ತಿಕೊಂಡು ಉಜ್ಜಿದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಅಲ್ಲಿಂದಾಚೆಗೆ ಬರಿಗೈಯಲ್ಲಿ ಮುಟ್ಟಲಿಲ್ಲ. ಬೆರಳಿನ ಎಣ್ಣೆ ಕೂತ ಜಾಗದಲ್ಲಿ ಬಣ್ಣ ಕೂರುವುದಿಲ್ಲ.

ತಂತಿಗೆ ನೇತುಹಾಕಿ, ತೆಳ್ಳಗೆ ಒಂದು ಕೈ ಹೊಡೆದು, ಒಣಗಲು ಬಿಟ್ಟು, ಮತ್ತೆ ತೆಳ್ಳಗೆ ಹೊಡೆಯುವುದು. ಮೊದಲ ಕೈಯಲ್ಲಿ ಹಿತ್ತಾಳೆ ಅಲ್ಲಲ್ಲಿ ಕಾಣುತ್ತಲೇ ಇರುತ್ತದೆ, ಗಾಬರಿಯಾಗಿ ದಪ್ಪ ಹೊಡೆದರೆ ಬಣ್ಣ ಇಳಿಯುತ್ತದೆ. ಗ್ಯಾರೇಜ್ ಬೆಚ್ಚಗಿರುವಾಗಲೇ ಮಾಡಿ, ಇಲ್ಲಿಯ ಲೆಕ್ಕದಲ್ಲಿ ಸೆಪ್ಟೆಂಬರ್ ಒಳ್ಳೆಯದು. ಎರಡು ಡಬ್ಬಿ ಬಣ್ಣ, ಸ್ಕಾಚ್‌ಬ್ರೈಟ್, ಆಲ್ಕೊಹಾಲ್, ಎಲ್ಲ ಸೇರಿಸಿದರೂ ನೂರು ಡಾಲರ್ ದಾಟಲಿಲ್ಲ.

ಜೋಡಿಸಿ ಮೊದಲ ಸಲ ಉರಿಸಿದಾಗ ವಾಸನೆ ಬರುತ್ತದೆ, ಸ್ವಲ್ಪ ಹೊಗೆಯೂ ಕಾಣಬಹುದು. ಬಣ್ಣ ಪೂರ್ತಿ ಗಟ್ಟಿಯಾಗುವುದು ಶಾಖದಿಂದಲೇ. ಕಿಟಕಿ ತೆಗೆದಿಡಿ, ಮಕ್ಕಳನ್ನು, ಮನೆಯಲ್ಲಿ ಹಕ್ಕಿ ಸಾಕಿದ್ದರೆ ಅದನ್ನೂ ಬೇರೆ ಕಡೆಗೆ ಕಳಿಸಿ. ನಮ್ಮಲ್ಲಿ ಎರಡು ಮೂರು ಸಂಜೆ ಉರಿಸಿದ ಮೇಲೆ ವಾಸನೆ ಪೂರ್ತಿ ಹೋಯಿತು.

ಈಗ ಆ ಒಂದು ಜಾಗ. ಗಾಜಿನ ಹತ್ತಿರದ ಪಟ್ಟಿ ದಿನಾ ಬಿಸಿಯಾಗಿ ಬಿಸಿಯಾಗಿ ಬಣ್ಣ ಕಲ್ಲಿನಂತೆ ಗಟ್ಟಿಯಾಗಿದೆ. ಕೆಳಗಿನ ಲೂವರ್ ಅಷ್ಟು ಬಿಸಿಯಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಬಣ್ಣ ಕೊನೆಯವರೆಗೂ ಸ್ವಲ್ಪ ಮೆದುವಾಗಿಯೇ ಉಳಿಯುತ್ತದೆ. ಗ್ಯಾಸ್ ವಾಲ್ವ್ ತಿರುಗಿಸಲು ನಾವು ತೆಗೆಯುವುದೂ ಅದನ್ನೇ. ಉಗುರು ತಾಗುವ ಜಾಗದಲ್ಲಿ ಬೆರಳಗಲ ಬಣ್ಣ ಸವೆದು ಹಿತ್ತಾಳೆ ಕಂಡಿತು. ಅಷ್ಟು ಜಾಗ ಉಜ್ಜಿ, ಒರೆಸಿ, ಮತ್ತೆ ಹೊಡೆದೆ. ಸ್ಯಾಟಿನ್ ಆದ್ದರಿಂದ ತೇಪೆ ಕಾಣುವುದಿಲ್ಲ.

ಟೈಲ್ಸ್ ಕೆಲಸ ನಾನು ಮಾಡಲಿಲ್ಲ, ಮಾಡಿಸಿದೆ. ಹಳೆ ಗುಲಾಬಿ ಟೈಲ್ಸ್ ಕಿತ್ತಾಗ ಹಿಂದಿನ ಡ್ರೈವಾಲ್ (ಗೋಡೆಯ ಜಿಪ್ಸಮ್ ಹಲಗೆ) ಅದರ ಜೊತೆಗೇ ಕಿತ್ತುಬಂತು. ಅಲ್ಲಿಗೆ ಬೆಂಕಿ ಹತ್ತದ ಸಿಮೆಂಟ್ ಬೋರ್ಡ್ ಹಾಕಿಸಿ, ಅದರ ಮೇಲೆ ಬೂದು ಬಣ್ಣದ, ಹೊಳಪಿಲ್ಲದ ದೊಡ್ಡ ಪೋರ್ಸಲಿನ್ ಟೈಲ್ಸ್ ಕೂರಿಸಿದರು. ಇಲ್ಲಿ ಎರಡು ಸಂಗತಿ ನೀವೇ ನಿಂತು ನೋಡಿಕೊಳ್ಳಿ. ಅಂಟಿಸಲು ಸಿಮೆಂಟಿನ ಥಿನ್‌ಸೆಟ್ಟೇ ಬಳಸಬೇಕು, ಡಬ್ಬಿಯಲ್ಲಿ ಬರುವ ರೆಡಿ ಮ್ಯಾಸ್ಟಿಕ್ ಶಾಖಕ್ಕೆ ಮೆತ್ತಗಾಗುತ್ತದೆ. ಇನ್ನೊಂದು, ಟೈಲ್ಸ್ ಆಗಲಿ ಕಲ್ಲಾಗಲಿ ಲೂವರ್‌ಗಳ ಮೇಲೆ ಬರಲೇಬಾರದು. ಆ ಸೀಳುಗಳಿಂದ ಮನೆಯ ಗಾಳಿ ಒಳಗೆ ಹೋಗಿ, ಬೆಂಕಿ ಉರಿಯುವ ಲೋಹದ ಪೆಟ್ಟಿಗೆಯ ಹೊರಮೈ ಸುತ್ತಿ, ಬಿಸಿಯಾಗಿ ಮೇಲಿನಿಂದ ಬರುತ್ತದೆ. ಲೂವರ್ ಕಾಣದಿದ್ದರೆ ಚೆಂದ ಅಂತ ಅದನ್ನೇ ಮುಚ್ಚಿಸಿದ ಮನೆಗಳ ಫೋಟೋ ನೋಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ನಮ್ಮ ಟೈಲ್ಸ್ ಇವತ್ತಿಗೂ ಒಂದೂ ಅಲುಗಿಲ್ಲ, ಟೈಲ್ಸ್ ಸಂದು ತುಂಬುವ ಗ್ರೌಟ್‌ನಲ್ಲಿ ಮಾತ್ರ ಮೇಲಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ.

ಮ್ಯಾಂಟಲ್‌ಗೆ ಬಿಳಿ ಬಣ್ಣ. ಓಕ್ ಮರದ ಕಂದು ಕಲೆ ಬಿಳಿಯ ಮೂಲಕ ಮೇಲೆ ಬರುತ್ತದೆ, ಅದಕ್ಕೆ ಬಣ್ಣಕ್ಕೂ ಮುಂಚೆ ಶೆಲ್ಲಾಕ್ (ಅರಗಿನ) ಪ್ರೈಮರ್ ಹೊಡೆಯಲೇಬೇಕು. ನಾನು ಹೊಡೆದಿದ್ದೆ, ಮುಂಭಾಗ ಇವತ್ತಿಗೂ ಅಚ್ಚ ಬಿಳಿ. ಆದರೆ ಮ್ಯಾಂಟಲ್‌ನ ತಳಭಾಗ, ಬಿಸಿಗಾಳಿ ನೇರ ಹೊಡೆಯುವ ಕಡೆ, ಹಳದಿಗೆ ತಿರುಗಿದೆ. ನಿಂತರೆ ಕಾಣದು, ಸೋಫಾದಲ್ಲಿ ಕೂತರೆ ಕಾಣುತ್ತದೆ. ಇನ್ನೊಮ್ಮೆ ಮಾಡುವುದಾದರೆ ಬಿಳಿ ಬಿಟ್ಟು ಗಾಢ ಬಣ್ಣವನ್ನೇ ಆರಿಸುತ್ತೇನೆ.

ಗಾಜಿನೊಳಗೆ ಆದ ಬದಲಾವಣೆ ಒಂದೇ. ಟೆಕ್ನಿಷಿಯನ್ ವಾರ್ಷಿಕ ಸರ್ವಿಸ್‌ಗೆ ಬಂದಾಗ ಸುಟ್ಟು ಬೂದಿಯಂತಾಗಿದ್ದ ಹಳೆ ಎಂಬರ್ ಉಣ್ಣೆ (ಕೆಂಡದಂತೆ ಕಾಣಲು ಬರ್ನರ್ ಮೇಲೆ ಹರಡುವ ನಾರು) ತೆಗೆದು ಹೊಸದನ್ನು ಹಾಕಿದರು. ಚಿಟಿಕೆ ಚಿಟಿಕೆಯಾಗಿ ಬಿಡಿಸಿ, ಪೈಲಟ್ ಹತ್ತಿರ ಒಂದೆಳೆಯೂ ಹೋಗದಂತೆ, ತೆಳ್ಳಗೆ ಹರಡಿದರು. ಉರಿಸಿದಾಗ ಅದು ಕೆಂಡದಂತೆ ಕೆಂಪಗಾಗುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಬೆಂಕಿಯ ಚೆಂದವೇ ಬದಲಾಯಿತು. ನಿಜವಾದ ಕಟ್ಟಿಗೆಯಂತೆ ಕಾಣಲು ಒಳಗಿಟ್ಟಿರುವ ಸೆರಾಮಿಕ್ ಕಟ್ಟಿಗೆಗಳು ಮಾತ್ರ ಹಳೆಯವೇ. ಈ ತರಹದ ಯೂನಿಟ್‌ನಲ್ಲಿ ಪ್ರತಿ ಕಟ್ಟಿಗೆಗೂ ಗೊತ್ತಾದ ಜಾಗ ಇದೆ. ಜ್ವಾಲೆ ತಾಗಬಾರದ ಕಡೆ ತಾಗಿದರೆ ಮಸಿ ಹಿಡಿಯುತ್ತದೆ, ಗ್ಯಾಸ್ ಸರಿಯಾಗಿ ಉರಿಯುವುದಿಲ್ಲ. ಕಟ್ಟಿಗೆ ತೆಗೆದು ಬಣ್ಣದ ಗಾಜಿನ ಹರಳು ಸುರಿಯುವ ಫ್ಯಾಷನ್ ಬಂದಿದೆಯಲ್ಲ, ಆ ಬರ್ನರ್ ಅದಕ್ಕೆಂದೇ ಮಾಡಿದ್ದಲ್ಲದಿದ್ದರೆ ಖಂಡಿತ ಬೇಡ.

ಮೈಸೂರಿನಿಂದ ಅಮ್ಮ ಬಂದಾಗ ಕೇಳಿದ ಮೊದಲ ಪ್ರಶ್ನೆ, "ಗಾಜು ಇಷ್ಟು ಕೈಗೆಟುಕೋ ಹಾಗಿದೆಯಲ್ಲೋ, ಮಗು ಮುಟ್ಟಿದರೆ?" ಸರಿಯಾದ ಪ್ರಶ್ನೆ. ಆ ಗಾಜು 200 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಆರಿಸಿದ ಮೇಲೂ ತುಂಬಾ ಹೊತ್ತು ಬಿಸಿ ಇರುತ್ತದೆ. 2015ರಿಂದ ಅಮೆರಿಕದ ಸುರಕ್ಷತಾ ಮಾನದಂಡದ ಪ್ರಕಾರ ಗಾಜು 172 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಜಾಸ್ತಿ ಬಿಸಿಯಾಗುವ ಹೊಸ ಯೂನಿಟ್‌ಗಳ ಜೊತೆಗೇ ಜಾಲರಿ ಬರುತ್ತದೆ. ಹಳೆಯವಕ್ಕೆ ನಾವೇ ಕೊಳ್ಳಬೇಕು. ಕಪ್ಪು ಜಾಲರಿ ತಂದು ಮುಂದೆ ಹಾಕಿದ್ದೇವೆ. ಚೆಂದದ ಲೆಕ್ಕದಲ್ಲೂ ಇದರಿಂದ ಲಾಭವೇ, ಒಳಗಿನ ಹಳೆ ಕಟ್ಟಿಗೆಗಳು ಅದರ ಮರೆಯಲ್ಲಿ ಮೃದುವಾಗಿ ಕಾಣುತ್ತವೆ. ಮಕ್ಕಳಿರುವ ಮನೆಯವರು ಬಣ್ಣಕ್ಕೂ ಮುಂಚೆ ಜಾಲರಿ ತನ್ನಿ.

ನವರಾತ್ರಿಗೆ ನಾವು ಮ್ಯಾಂಟಲ್ ಮೇಲೂ ಗೊಂಬೆ ಕೂರಿಸುತ್ತೇವೆ. ಕಾಗದದ ತೋರಣ, ಥರ್ಮೋಕೋಲ್, ಸೀರೆಯ ಅಂಚು ಎಲ್ಲ ಅಲ್ಲಿರುತ್ತದೆ. ಅಷ್ಟು ದಿನ ಪೈಲಟ್ ಕೂಡ ಆರಿಸಿಡುತ್ತೇವೆ, ಎಷ್ಟೇ ಚಳಿಯಾದರೂ.

ಯೂನಿಟ್ ಉಳಿಸಿಕೊಂಡಿದ್ದಕ್ಕೆ ನನಗೆ ಇನ್ನೊಂದು ಸಮಾಧಾನವಿದೆ. ನಮ್ಮದರಲ್ಲಿ ಪೈಲಟ್ ಸದಾ ಉರಿಯುತ್ತದೆ, ಅದರ ಶಾಖದಿಂದ ಥರ್ಮೋಪೈಲ್ ಎಂಬ ಸಣ್ಣ ಸಾಧನ ಒಂದು ವೋಲ್ಟ್‌ಗೂ ಕಡಿಮೆ ವಿದ್ಯುತ್ ಹುಟ್ಟಿಸುತ್ತದೆ, ವಾಲ್ವ್ ತೆರೆಯಲು ಅಷ್ಟೇ ಸಾಕು. ಕರೆಂಟ್ ಹೋದರೂ ಬೆಂಕಿ ಹತ್ತುತ್ತದೆ. 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 23 ಫ್ಯಾರನ್‌ಹೀಟ್, ಅಂದರೆ ಮೈನಸ್ 30 ಸೆಲ್ಸಿಯಸ್‌ಗೂ ಕೆಳಗೆ ಇಳಿದಿತ್ತು. ಅಂಥ ದಿನ ಇಡೀ ಮನೆ ಬೆಚ್ಚಗಿಡುವ ಫರ್ನೇಸ್ ನಿಂತರೆ ಇದೇ ದಿಕ್ಕು. ಒಂದು ಎಚ್ಚರಿಕೆ: ಗೋಡೆಯ ಮೇಲಿನ ಇದರ ಸ್ವಿಚ್ ನೋಡಲು ಲೈಟ್ ಸ್ವಿಚ್‌ನಂತೆಯೇ ಇರುತ್ತದೆ. ಅದಕ್ಕೆ ಮನೆಯ 120 ವೋಲ್ಟ್ ಕೊಟ್ಟರೆ ವಾಲ್ವ್ ಸುಟ್ಟುಹೋಗುತ್ತದೆ. ರಿಮೋಟ್ ಹಾಕಿಸುವುದಾದರೆ ಈ ಕಡಿಮೆ ವಿದ್ಯುತ್ತಿಗೆ, ಅಂದರೆ ಮಿಲಿವೋಲ್ಟ್‌ಗೆ ಹೊಂದುವುದನ್ನೇ ಕೇಳಿ ತನ್ನಿ.

ಗಾಜಿನ ಒಳಬದಿಯಲ್ಲಿ ಬಿಳಿ ಮಂಜಿನಂಥ ಪದರ ಕೂರುತ್ತದೆ, ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ, ಗ್ಯಾಸ್ ಉರಿದಾಗ ಬರುವುದೇ ಅದು. ಪೂರ್ತಿ ತಣ್ಣಗಾದ ಮೇಲೆ ಫೈರ್‌ಪ್ಲೇಸ್ ಗಾಜಿನ ಕ್ಲೀನರ್‌ನಿಂದಲೇ ಒರೆಸಬೇಕು, ಅಮೋನಿಯ ಇರುವ ಮಾಮೂಲಿ ಕ್ಲೀನರ್ ಬೇಡ. ವರ್ಷಗಟ್ಟಲೆ ಬಿಟ್ಟರೆ ಕಲೆ ಗಾಜಿಗೇ ಕಚ್ಚಿಕೊಳ್ಳುತ್ತದೆ. ಗಾಜು ಬಿಚ್ಚಿ ಕೂರಿಸುವ ಕೆಲಸ ನಮ್ಮಲ್ಲಿ ಸರ್ವಿಸ್ ದಿನವೇ ಆಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತೂ ಇರಲೇಬೇಕು. ಇಲಿನಾಯ್‌ನಲ್ಲಿ 2007ರಿಂದ ಮಲಗುವ ಕೋಣೆಯಿಂದ 15 ಅಡಿಯೊಳಗೆ ಇರಬೇಕೆಂದು ಕಾನೂನೇ ಇದೆ, ನಾವು ಫೈರ್‌ಪ್ಲೇಸ್ ಇರುವ ಕೋಣೆಯಲ್ಲೂ ಒಂದು ಇಟ್ಟಿದ್ದೇವೆ.

ಕಪ್ಪು ಬಣ್ಣಕ್ಕೆ ಐದಕ್ಕೆ ಐದು. ಟೈಲ್ಸ್‌ಗೆ ನಾಲ್ಕು, ಖರ್ಚು ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ. ಬಿಳಿ ಮ್ಯಾಂಟಲ್‌ಗೆ ಮೂರು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬಣ್ಣ ಮತ್ತು ಜಾಲರಿ ಎರಡೇ ಮಾಡಿ, ಒಂದು ಚಳಿಗಾಲ ನೋಡಿ, ಟೈಲ್ಸ್ ಬೇಕೋ ಬೇಡವೋ ಆಮೇಲೆ ತೀರ್ಮಾನಿಸಿ. ನಿಮ್ಮದು ಡೈರೆಕ್ಟ್ ವೆಂಟ್ ಹೌದೋ ಅಲ್ಲವೋ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಸರ್ವಿಸ್‌ನವರನ್ನೇ ಕೇಳಿ. ಬಣ್ಣದ ಎರಡನೇ ಡಬ್ಬಿಯಲ್ಲಿ ಉಳಿದದ್ದನ್ನು ಎಸೆಯಬೇಡಿ, ಕೆಳಗಿನ ಲೂವರ್‌ಗೆ ಬೇಕಾಗುತ್ತದೆ.