ರಿಪೋರ್ಟ್‌ಬಗ್: ಸ್ಕ್ರಿಪ್ಟ್‌ಗೂ ಓದಲು ಬರುವ ದೂರು

ನಾನು ಮೊದಲಿದ್ದ ಒಂದು ಸಣ್ಣ ತಂಡದಲ್ಲಿ ಬಗ್‌ಗಳ (ಸಾಫ್ಟ್‌ವೇರ್‌ನಲ್ಲಿನ ದೋಷಗಳ) ದೂರು ಹೇಗೆಂದರೆ ಹಾಗೆ ಬರುತ್ತಿತ್ತು. 'ಓಪನ್ ಆಗ್ತಿಲ್ಲ ಸರ್', ಜೊತೆಗೆ ಮಸುಕಾದ ಒಂದು ಫೋಟೋ. ವರ್ಷನ್ ಯಾವುದು ಅಂತ ಕೇಳಿದರೆ ಒಬ್ಬರು 1.2 ಅನ್ನುತ್ತಿದ್ದರು, ಇನ್ನೊಬ್ಬರು 'ಲೇಟೆಸ್ಟ್' ಅನ್ನುತ್ತಿದ್ದರು. ಅವನ್ನೆಲ್ಲ ವಿಂಗಡಿಸಲು ನಾನು ಬರೆದ ಸ್ಕ್ರಿಪ್ಟ್ (ಒಂದು ಪುಟ್ಟ ಪ್ರೋಗ್ರಾಂ) ಎರಡು ವಾರವೂ ಬಾಳಲಿಲ್ಲ. ಹಾಗಾಗಿ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಬಗ್ ದೂರು ಕೊಡಲು ಇರುವ ರಿಪೋರ್ಟ್‌ಬಗ್ ಟೂಲ್ ಮೇಲೆ ನನಗೆ ತುಂಬಾ ಪ್ರೀತಿ.

ಹೋದ ತಿಂಗಳು ಒಂದು ಕನ್ನಡ ಫಾಂಟ್‌ನಲ್ಲಿ ಒತ್ತಕ್ಷರ ಪಕ್ಕದ ಅಕ್ಷರಕ್ಕೆ ತಾಗುತ್ತಿತ್ತು. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ರಿಪೋರ್ಟ್‌ಬಗ್ ಓಡಿಸಿ, ಆ ಫಾಂಟ್ ಇರುವ ಪ್ಯಾಕೇಜ್ (ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಬರುವ ಕಟ್ಟು) ಹೆಸರು ಕೊಟ್ಟೆ. ಇದೇ ದೂರು ಆಗಲೇ ಬಂದಿದೆಯಾ ನೋಡಿ ಅಂತ ಹಳೆಯ ಪಟ್ಟಿ ತೋರಿಸಿತು, ತೊಂದರೆಯನ್ನು ಒಂದು ಸಾಲಿನಲ್ಲಿ ಹೇಳಿ ಅಂದಿತು, ವರ್ಷನ್, ಕರ್ನಲ್ (ಸಿಸ್ಟಂನ ತಿರುಳು), ಲೊಕೇಲ್ (ಭಾಷೆಯ ಸೆಟ್ಟಿಂಗ್), ಬೇಕಾದ ಬೇರೆ ಪ್ಯಾಕೇಜ್‌ಗಳ ವರ್ಷನ್ ಎಲ್ಲವನ್ನೂ ತಾನೇ ತುಂಬಿತು. ನಾನು ಬರೆದದ್ದು ನಾಲ್ಕೇ ಸಾಲು.

ಕೊನೆಗೆ ಹೋಗುವುದು ಒಂದು ಸಾದಾ ಮೇಲ್, ಅಷ್ಟೇ. ಮೊದಲ ಸಾಲುಗಳಲ್ಲಿ ಪ್ಯಾಕೇಜ್, ವರ್ಷನ್, ಸಿವಿಯರಿಟಿ (ತೊಂದರೆ ಎಷ್ಟು ಗಂಭೀರ ಅನ್ನುವುದು). ಒಂದು ಖಾಲಿ ಸಾಲು. ಆಮೇಲೆ ನಮ್ಮ ಮಾತು. ಇಯಾನ್ ಜಾಕ್ಸನ್ 1994ರ ಸುಮಾರಿಗೆ ಶುರುಮಾಡಿದ ಡೆಬ್‌ಬಗ್ಸ್ ಅನ್ನುವ ಪ್ರೋಗ್ರಾಂ ಆ ಮೇಲಿನ ಸಾಲುಗಳನ್ನು ಓದಿ, ದೂರಿಗೆ ನಂಬರ್ ಕೊಟ್ಟು, ಆ ಪ್ಯಾಕೇಜ್ ನೋಡಿಕೊಳ್ಳುವವರಿಗೆ ತಲುಪಿಸುತ್ತದೆ. ಅವರು ಸರಿಮಾಡಿ, ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) 'ಕ್ಲೋಸಸ್' ಅಂತ ಬರೆದು ಆ ನಂಬರ್ ಹಾಕಿದರೆ ಸಾಕು, ಹೊಸ ಪ್ಯಾಕೇಜ್ ಡೆಬಿಯನ್‌ಗೆ ಸೇರಿದಾಗ ದೂರು ತಾನಾಗಿ ಮುಚ್ಚಿಕೊಳ್ಳುತ್ತದೆ.

ಬಳಸುವವರಿಗೂ ಲಾಭ ಇದೆ. ಸಿವಿಯರಿಟಿಯಲ್ಲಿ ಕ್ರಿಟಿಕಲ್‌ನಿಂದ ವಿಶ್‌ಲಿಸ್ಟ್‌ವರೆಗೆ 7 ಮಟ್ಟ. ಆಪ್ಟ್-ಲಿಸ್ಟ್‌ಬಗ್ಸ್ ಅನ್ನುವ ಇನ್ನೊಂದು ಟೂಲ್ ಹಾಕಿಕೊಂಡರೆ, ಮೇಲಿನ 3 ಮಟ್ಟದ ದೂರು ಇರುವ ಪ್ಯಾಕೇಜ್ ನಿಮ್ಮ ಮೆಷಿನ್‌ನಲ್ಲಿ ಇನ್‌ಸ್ಟಾಲ್ ಆಗುವ ಮೊದಲೇ ಅದು ತಡೆದು ಕೇಳುತ್ತದೆ. ಎಲ್ಲೋ ಯಾರೋ ನೀಟಾಗಿ ಬರೆದ ಒಂದು ಸಾಲು ನಿಮ್ಮ ಕೆಲಸದ ದಿನ ಉಳಿಸುತ್ತದೆ ಅಲ್ವಾ?

ಕೊರತೆಯೂ ಇದೆ. ಸಿವಿಯರಿಟಿ ಆರಿಸುವುದು ಮನುಷ್ಯರು, ತಪ್ಪಾದರೆ ಆಮೇಲೆ ಯಾರಾದರೂ ಕೂತು ತಿದ್ದಬೇಕು. ಟರ್ಮಿನಲ್ ಅಂದರೆ ಭಯ ಇರುವವರಿಗೆ ಮೊದಲ ಸಲ ಕಷ್ಟ. ಇನ್ನೊಂದು ಮಾತು ಮುಖ್ಯ: ದೂರು ಎಲ್ಲರಿಗೂ ಕಾಣುತ್ತದೆ, ನಿಮ್ಮ ಮೇಲ್ ವಿಳಾಸ ಸಮೇತ. ಇದಕ್ಕೇ ಅಂತ ಬೇರೆ ವಿಳಾಸ ಇಟ್ಟುಕೊಳ್ಳಿ, ಟೂಲ್ ತಾನಾಗಿ ಸೇರಿಸಿದ ಮಾಹಿತಿಯನ್ನು ಕಳಿಸುವ ಮುಂಚೆ ಒಮ್ಮೆ ಪೂರ್ತಿ ಓದಿ.