ಯೂವರ್ಷನ್ ಬೈಬಲ್ ಆ್ಯಪ್: ಕನ್ನಡದಲ್ಲಿ ದಿನದ ಧ್ಯಾನಕ್ಕೆ ಎಷ್ಟು ಒದಗುತ್ತದೆ?

ಬೆಳಿಗ್ಗೆ ಫೋನ್ ತೆರೆದ ಕೂಡಲೇ ದಿನದ ವಚನ ಬಂದು ನಿಂತಿರುತ್ತದೆ. ಓದುವುದು, ಚಿತ್ರವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದು, ಮುಗಿಯಿತು. ಯೂವರ್ಷನ್ ಬಳಸುವುದು ಇಷ್ಟಕ್ಕೇ ಆದರೆ ಅದರೊಳಗಿನ ಒಳ್ಳೆಯದು ಇನ್ನೂ ಕೈಗೆ ಸಿಕ್ಕಿಲ್ಲ. ಕೃಪೆ, ಸತ್ಯ, ಕರುಣೆ ಈ ಮೂರನ್ನು ದಿನದ ಬದುಕಿಗೆ ಇಳಿಸಿಕೊಳ್ಳಬೇಕು ಎನ್ನುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಬೇರೆಯೇ ಗುಂಡಿ: ಒಂದು ವಚನವನ್ನು ಹಲವು ಅನುವಾದಗಳಲ್ಲಿ ಒಟ್ಟಿಗೆ ತೋರಿಸುವ 'ಕಂಪೇರ್'.

ಅಮೆರಿಕದ ಒಕ್ಲಹೋಮದ ಲೈಫ್ ಚರ್ಚ್ 2008ರಲ್ಲಿ ಬಿಡುಗಡೆ ಮಾಡಿದ ಆ್ಯಪ್ ಇದು. ದುಡ್ಡು ಕೇಳುವುದಿಲ್ಲ, ಜಾಹೀರಾತೂ ಇಲ್ಲ. ಓದುವ ಪುಟದಲ್ಲಿ ಆವೃತ್ತಿಯ ಹೆಸರನ್ನು ಒತ್ತಿ ಭಾಷೆ ಕನ್ನಡಕ್ಕೆ ಬದಲಿಸಿದರೆ ಬೈಬಲ್ ಸೊಸೈಟಿಯ 'ಸತ್ಯವೇದವು' (ಜೆ.ವಿ. ಮತ್ತು ಸಿ.ಎಲ್. ಎಂಬ ಎರಡು ಅನುವಾದಗಳಲ್ಲಿ), ಸರಳ ಭಾಷೆಯ ಪರಿಶುದ್ಧ ಬೈಬಲ್, ಇನ್ನೊಂದು ಅನುವಾದವಾದ ಐಆರ್‌ವಿ ಇವೆಲ್ಲ ಸಿಗುತ್ತವೆ. ಜೆ.ವಿ. ಒಂದನ್ನು, ಸಿ.ಎಲ್. ಒಂದನ್ನು ಇಟ್ಟುಕೊಂಡರೆ ಸಾಕು. ಆರಾಧನೆಯಲ್ಲಿ ಕಿವಿಗೆ ಬಿದ್ದ ಹಳೆಯ ಲಯ ಮೊದಲನೆಯದರಲ್ಲಿದೆ, ಆಡುಮಾತಿಗೆ ಹತ್ತಿರದ ನಡೆ ಎರಡನೆಯದರಲ್ಲಿದೆ. ಎಲ್ಲ ಆವೃತ್ತಿಗೂ ಡೌನ್‌ಲೋಡ್ ಅನುಮತಿ ಇರುವುದಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಊರಿಗೆ ಹೋಗುವ ಮೊದಲೇ ನೋಡಿಕೊಳ್ಳಿ. ಪ್ರೊಟೆಸ್ಟಂಟ್ ಬೈಬಲಿನಲ್ಲಿ ಇಲ್ಲದ ತೋಬಿತ, ಸಿರಾಖ ಮುಂತಾದ ಪುಸ್ತಕಗಳು ಬೇಕಾದ ಕಥೋಲಿಕ ಓದುಗರು ಪುಸ್ತಕಪಟ್ಟಿ ನೋಡಿಯೇ ಆವೃತ್ತಿ ಆರಿಸಿಕೊಳ್ಳುವುದು ಒಳ್ಳೆಯದು.

ಈಗ, ಯೇಸು ಕೃಪೆಯಿಂದಲೂ ಸತ್ಯದಿಂದಲೂ ತುಂಬಿದವರು ಎನ್ನುವ ಯೋಹಾನ 1:14 ತೆಗೆಯಿರಿ. ವಚನದ ಮೇಲೆ ಬೆರಳಿಟ್ಟರೆ ಕೆಳಗೆ ಪಟ್ಟಿ ಬರುತ್ತದೆ, ಅದರಲ್ಲಿ ಕಂಪೇರ್ ಒತ್ತಬೇಕು. ಮೂಲ ಗ್ರೀಕಿನ 'ಖಾರಿಸ್' ಎಂಬ ಒಂದೇ ಪದಕ್ಕೆ ಕನ್ನಡ ಕ್ರೈಸ್ತರಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ 'ಕೃಪೆ', ಕಥೋಲಿಕರಲ್ಲಿ 'ವರಪ್ರಸಾದ'. ಕೃಪೆ ಎಂದಾಗ ಕೊಡುವವರ ಮನಸ್ಸು ಕಣ್ಣಿಗೆ ಬರುತ್ತದೆ. ವರಪ್ರಸಾದ ಎಂದಾಗ ಕೊಟ್ಟ ವಸ್ತು, ಅದಕ್ಕೆ ಒಡ್ಡಿದ ಬೊಗಸೆ ಕಾಣುತ್ತದೆ. ಎರಡೂ ಬೇಕು. ಇಪ್ಪತ್ತು ಪುಟದ ವಿವರಣೆ ಮಾಡದ ಕೆಲಸವನ್ನು ಈ ಎರಡು ಸಾಲುಗಳ ಜೋಡಿ ಮಾಡಿಬಿಡುತ್ತದೆ.

ದಿನದ ವಚನದ ತೊಂದರೆ ಇರುವುದು ಅದರ ಅಳತೆಯಲ್ಲೇ. ಯೋಹಾನ 8:11ರಲ್ಲಿ ಯೇಸುಸ್ವಾಮಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಸ್ತ್ರೀಗೆ ಶಿಕ್ಷೆ ವಿಧಿಸುವುದಿಲ್ಲ ಎನ್ನುತ್ತಾರೆ; ಅದೇ ಉಸಿರಿನಲ್ಲಿ ಇನ್ನು ಪಾಪ ಮಾಡಬೇಡ ಎಂದೂ ಹೇಳುತ್ತಾರೆ. ಮೊದಲರ್ಧವನ್ನಷ್ಟೇ ಚಿತ್ರಕ್ಕೆ ಹಾಕಿದರೆ ಸತ್ಯ ಹೊರಗುಳಿಯಿತು, ಕೊನೆಯರ್ಧವನ್ನಷ್ಟೇ ಹಾಕಿದರೆ ಕರುಣೆ. ಎಫೆಸ 2:8-9 ಕೂಡ ಹಾಗೆಯೇ: ರಕ್ಷಣೆ ದೇವರ ವರ, ಕ್ರಿಯೆಗಳ ಫಲವಲ್ಲ ಎಂಬಲ್ಲಿಗೆ ನಿಲ್ಲಿಸಿದರೆ, ಸತ್ಕ್ರಿಯೆಗಳಿಗಾಗಿಯೇ ನಿರ್ಮಿಸಲ್ಪಟ್ಟವರು ನಾವು ಎನ್ನುವ 10ನೇ ವಚನ ಕಾಣದೇ ಹೋಗುತ್ತದೆ. ಆದ್ದರಿಂದ ವಚನ ಬಂದಾಗ ಅದರ ಅಧ್ಯಾಯ ತೆರೆದು ಹಿಂದೆ ಐದು, ಮುಂದೆ ಐದು ವಚನ ಓದುವುದನ್ನು ಕಡ್ಡಾಯ ಮಾಡಿಕೊಳ್ಳಿ. ಮೂರು ನಿಮಿಷವೂ ಹಿಡಿಯುವುದಿಲ್ಲ.

ಇನ್ನು ನಿಧಾನವಾಗಿ ಕೂತು ಓದಬೇಕಾದದ್ದು ಮತ್ತಾಯ 18:21-35. ಅರಸನು ತನ್ನ ಸಾಲವನ್ನೆಲ್ಲ ಮನ್ನಿಸಿದರೂ ಜೊತೆಯಾಳಿನ ಸಾಲ ಮನ್ನಿಸದ ಆಳೊಬ್ಬನ ಸಾಮ್ಯ ಅದು. ಕ್ಷಮೆ ಪಡೆದ ಆಳು ಅರಸನಿಗೆ ಕೊಡಬೇಕಿದ್ದದ್ದು ಹತ್ತು ಸಾವಿರ ತಲಾಂತು. ಅವನ ಜೊತೆಯಾಳು ಅವನಿಗೆ ಕೊಡಬೇಕಿದ್ದದ್ದು ನೂರು ದೆನಾರಿ. ಒಂದು ದೆನಾರಿ ಕೂಲಿಯಾಳಿನ ಒಂದು ದಿನದ ಸಂಬಳ, ಒಂದು ತಲಾಂತಿಗೆ ಸುಮಾರು 6,000 ದೆನಾರಿ. ದಿನಗೂಲಿ 500 ರೂಪಾಯಿ ಎಂದು ಇಟ್ಟುಕೊಂಡರೆ ಸಣ್ಣ ಸಾಲ 50,000 ರೂಪಾಯಿ, ದೊಡ್ಡದು 3,000 ಕೋಟಿ. ದೊಡ್ಡ ಮೊತ್ತ ನೋಡಿ ಬೆರಗಾಗುವುದು ಸುಲಭ. ಆದರೆ ಚಿಕ್ಕದನ್ನೂ ಗಮನಿಸಿ: ಐವತ್ತು ಸಾವಿರ ಎಂದರೆ ಮೂರು ತಿಂಗಳಿಗೂ ಮಿಕ್ಕಿದ ದುಡಿಮೆ. ನಮಗಾದ ಅನ್ಯಾಯ ಏನೂ ಅಲ್ಲ ಎಂದು ಈ ಸಾಮ್ಯ ಎಲ್ಲೂ ಹೇಳುವುದಿಲ್ಲ. ನಷ್ಟವಾದದ್ದನ್ನು ನಷ್ಟವೆಂದೇ ಲೆಕ್ಕ ಹಾಕುತ್ತದೆ, ಆಮೇಲೆ ಬಿಟ್ಟುಕೊಡು ಎನ್ನುತ್ತದೆ. "ಹೋಗಲಿ ಬಿಡಿ, ಏನೂ ಆಗಿಲ್ಲ" ಎಂದು ಮುಚ್ಚಿಹಾಕುವ ಕ್ಷಮೆ ಯಾಕೆ ನಾಲ್ಕು ದಿನದಲ್ಲೇ ಮತ್ತೆ ಕುದಿಯುತ್ತದೆ ಎಂಬುದೂ ಇಲ್ಲಿ ಗೊತ್ತಾಗುತ್ತದೆ: ಅಲ್ಲಿ ಲೆಕ್ಕವನ್ನೇ ಮಾಡಿರುವುದಿಲ್ಲ.

ಓದಿನ ಯೋಜನೆಗಳು ಇಂಗ್ಲಿಷಿನಷ್ಟು ಕನ್ನಡದಲ್ಲಿಲ್ಲ. ಆರಂಭಕ್ಕೆ ಐದು ಅಥವಾ ಏಳು ದಿನದ್ದು ಹಿಡಿಯಿರಿ. ವರ್ಷದ ಯೋಜನೆ ಹಿಡಿದವರು ಸಾಮಾನ್ಯವಾಗಿ ಬೈಬಲಿನ ಮೂರನೇ ಪುಸ್ತಕವಾದ ಯಾಜಕಕಾಂಡ ಬರುವಷ್ಟರಲ್ಲಿ ಸೋತಿರುತ್ತಾರೆ. ಸತತ ಎಷ್ಟು ದಿನ ತೆರೆದಿರಿ ಎಂದು ಆ್ಯಪ್ ಎಣಿಸುತ್ತದೆ. ಆ ಅಂಕಿ ಮುರಿಯಿತು ಎಂದು ಕೊರಗುವವರು ಕೃಪೆಯ ಪಾಠವನ್ನೇ ಮತ್ತೆ ಕೂಲಿ ಲೆಕ್ಕಕ್ಕೆ ತಂದಂತೆ. ಅಂಕಿಯ ಕಡೆ ನೋಡಲೇಬೇಡಿ.

ಪದ ಹುಡುಕುವಾಗ ಒಂದೇ ರೂಪ ಹಾಕಿ ನಿಲ್ಲಿಸಬೇಡಿ. ಕೃಪೆ, ಕೃಪೆಯು, ಕೃಪೆಯಿಂದ ಎಂದು ಬೇರೆ ಬೇರೆಯಾಗಿ ಹಾಕಿ. ಕರುಣೆಗೆ ಕನಿಕರ, ದಯೆ ಎಂದೂ ನೋಡಿ, ಆವೃತ್ತಿ ಬದಲಿಸಿ ಮತ್ತೊಮ್ಮೆ ನೋಡಿ.

ನೋಟ್ ಬರೆಯುವ ಸೌಲಭ್ಯ ಚೆನ್ನಾಗಿದೆ. ಮತ್ತಾಯ 18ರ ಪಕ್ಕದಲ್ಲಿ ಮೂರು ಸಾಲು ಸಾಕು: ಯಾರು, ಏನು ಕೊಡಬೇಕಿತ್ತು, ಇವತ್ತು ನಾನು ಬಿಡುವುದು ಎಷ್ಟು. ಅದರಲ್ಲಿ ಇನ್ನೊಬ್ಬರ ಹೆಸರು ಇರುವುದರಿಂದ ಉಳಿಸುವ ಮುಂಚೆ, ನೋಟ್ ಯಾರಿಗೆ ಕಾಣಬೇಕು ಎಂಬಲ್ಲಿ ನಿಮಗೆ ಮಾತ್ರ ಎಂದು ಇರುವುದನ್ನು ಖಚಿತಪಡಿಸಿಕೊಳ್ಳಿ.